ಎರಡು ವರ್ಷದಿಂದ ಮಲ್ಲಿಗೆ ಗಿಡದಲ್ಲಿ ಒಂದು ಮೊಗ್ಗೂ ಇಲ್ಲ, ಎಲೆ ಮಾತ್ರ ಸೊಂಪಾಗಿದೆ. ಏನು ಮಾಡಲಿ?

ತಾರಸಿ ತೋಟ, ಬೆಂಗಳೂರು | ನವೆಂಬರ್ 9

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬನಶಂಕರಿಯಲ್ಲಿದೆ. ತಾರಸಿಯ ಮೇಲೆ ಒಂದು ದುಂಡು ಮಲ್ಲಿಗೆ ಗಿಡವಿದೆ. ಏಳು ವರ್ಷಗಳ ಹಿಂದೆ ನಮ್ಮ ಅತ್ತೆಯವರು ಉಡುಪಿ ಜಿಲ್ಲೆಯ ಶಿರ್ವದ ಹತ್ತಿರದ ತಮ್ಮ ತವರಿನಿಂದ ಕಡ್ಡಿ ತಂದು ನೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು.

ಮೊದಲ ವರ್ಷಗಳಲ್ಲಿ ಮಾರ್ಚಿನಿಂದ ಜುಲೈವರೆಗೆ ದಿನಕ್ಕೊಂದು ಹಿಡಿ ಹೂ ಸಿಗುತ್ತಿತ್ತು. ದೇವರಿಗೂ ಆಗುತ್ತಿತ್ತು, ಮುಡಿಯಲಿಕ್ಕೂ ಆಗುತ್ತಿತ್ತು. ಆಮೇಲೆ ಕಡಿಮೆಯಾಗುತ್ತಾ ಬಂತು. ಈಗ ಎರಡು ವರ್ಷದಿಂದ ಒಂದು ಮೊಗ್ಗೂ ಇಲ್ಲ. ಗಿಡವೇನೂ ಸೊರಗಿಲ್ಲ. ಆಳೆತ್ತರ ಬೆಳೆದು, ಮೋಟುಗೋಡೆಯ ಆಚೆಗೆ ಬಳ್ಳಿಯ ಹಾಗೆ ಬಾಗಿದೆ. ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಮಾರುಕಟ್ಟೆಯಿಂದ ಹೂ ತಂದೆವು. ಅತ್ತೆ ಏನೂ ಹೇಳಲಿಲ್ಲ, ಆದರೆ ಸಂಜೆ ಒಬ್ಬರೇ ಮಹಡಿ ಹತ್ತಿ ಗಿಡದ ಹತ್ತಿರ ಬಹಳ ಹೊತ್ತು ನಿಂತಿದ್ದರು.

ನಾನು ಮಾಡುತ್ತಿರುವುದು ಇಷ್ಟು: 14 ಇಂಚಿನ ಕುಂಡ, ಇದುವರೆಗೆ ಬದಲಿಸಿಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬೋರ್‌ವೆಲ್ ನೀರು. ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ತಿಂಗಳಿಗೊಮ್ಮೆ ಕೊಟ್ಟಿಗೆ ಗೊಬ್ಬರ. ಕತ್ತರಿ ಹಾಕಿಲ್ಲ. ಊರಿನ ಗಿಡ, ಕತ್ತರಿಸುವುದು ಬೇಡ ಎನ್ನುತ್ತಾರೆ ಅತ್ತೆ. ಇನ್ನೇನು ಹಾಕಿದರೆ ಹೂ ಬಿಡುತ್ತದೆ, ತಿಳಿದವರು ಹೇಳಿ.

ಮೈಸೂರು ಹೂದೋಟ | ನವೆಂಬರ್ 9

ದಿನಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ? ಮೊದಲು ಅದನ್ನು ಹೇಳಿ, ಉಳಿದದ್ದು ಆಮೇಲೆ.

ಬಾಲ್ಕನಿ ಗಿಡಗಳು | ನವೆಂಬರ್ 9

ನಮ್ಮದೂ ಇದೇ ಕಥೆ. ನರ್ಸರಿಯಿಂದ ತಂದಾಗ ಮೈತುಂಬ ಮೊಗ್ಗಿತ್ತು. ಅದು ಅರಳಿ ಮುಗಿದ ಮೇಲೆ ಮೂರು ವರ್ಷದಲ್ಲಿ ಮತ್ತೆ ಹೂವೇ ಕಾಣಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದೇನೆ.

ಹಸಿರು ಕುಂಡ, ಹುಬ್ಬಳ್ಳಿ | ನವೆಂಬರ್ 9

ಅಕ್ಕ, ಹುಳಿ ಮಜ್ಜಿಗೆಗೆ ಹತ್ತರಷ್ಟು ನೀರು ಬೆರೆಸಿ ವಾರಕ್ಕೊಮ್ಮೆ ಹಾಕಿ. ಮೊಟ್ಟೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಎರಡು ಚಮಚ. ಬಾಳೆಹಣ್ಣಿನ ಸಿಪ್ಪೆಯನ್ನು ಮೂರು ದಿನ ನೆನೆಸಿದ ನೀರು. ಈರುಳ್ಳಿ ಸಿಪ್ಪೆಯ ನೀರೂ ಒಳ್ಳೆಯದು. ನಮ್ಮ ಗುಲಾಬಿ ಇದರಿಂದಲೇ ಹೂ ಬಿಟ್ಟಿದೆ.

ಕಾಪು ಕೃಷಿಕ | ನವೆಂಬರ್ 10

ಒಂದು ತಿದ್ದುಪಡಿ. ಶಿರ್ವದಿಂದ ತಂದದ್ದಾದರೆ ಅದು ನೀವು ಹೇಳುವ ದುಂಡು ಮಲ್ಲಿಗೆ ಅಲ್ಲ, ನಮ್ಮ ಶಂಕರಪುರ ಮಲ್ಲಿಗೆ. ಉಡುಪಿ ಮಲ್ಲಿಗೆ ಎಂದು, ಈ ಊರಿನದೇ ಬೆಳೆ ಎನ್ನುವ ಭೌಗೋಳಿಕ ಸೂಚಿಕೆ (ಜಿಐ) ಇರುವುದು ಇದಕ್ಕೇ. ಸಸ್ಯಶಾಸ್ತ್ರದವರಿಗೆ ಎರಡೂ ಜಾಸ್ಮಿನಂ ಸಂಬಕ್ ಇರಬಹುದು, ಕಟ್ಟುವವರ ಬೆರಳಿಗೆ ಎರಡೂ ಬೇರೆ. ದುಂಡು ಮಲ್ಲಿಗೆಯ ಮೊಗ್ಗು ಮಣಿಯ ಹಾಗೆ ಉರುಟು. ನಮ್ಮದು ಸಪೂರ, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕೂರುತ್ತದೆ. ನಮ್ಮಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹಾಗೆಂದರೆ 3200 ಹೂವನ್ನು ಮನೆಯವರೇ ಬೆಳಿಗ್ಗೆ ಕೊಯ್ದು, ಕೂತು ಕಟ್ಟಿ ಮುಗಿಸಬೇಕು.

ಈಗ ನಿಮ್ಮ ಗಿಡದ ವಿಷಯ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿಯಲ್ಲಿ ಎಷ್ಟು ವರ್ಷ ಕಾದರೂ ಮೊಗ್ಗು ಬರುವುದಿಲ್ಲ. ಹೊಸ ಚಿಗುರು ನಾಲ್ಕೈದು ಗೆಣ್ಣು ಬೆಳೆದ ಮೇಲೆ ತುದಿಯಲ್ಲಿ ಮೂರು ಮೊಗ್ಗು ಕೂರುತ್ತವೆ, ನಡುವಿನದ್ದು ಮೊದಲು ಅರಳುತ್ತದೆ. ನಿಮ್ಮ ಗಿಡ ಏಳು ವರ್ಷದಿಂದ ಕತ್ತರಿ ಕಂಡಿಲ್ಲ, ಇರುವ ಶಕ್ತಿಯನ್ನೆಲ್ಲ ಬಳ್ಳಿ ಎಳೆಯಲು ಹಾಕುತ್ತಿದೆ. ನೀವು "ಇನ್ನೇನು ಹಾಕಲಿ" ಎಂದು ಕೇಳುತ್ತಿದ್ದೀರಿ. ಹಾಕುವುದನ್ನು ನಿಲ್ಲಿಸಿ, ಕತ್ತರಿ ಹಿಡಿಯಿರಿ. ಬುಡದಿಂದ ಒಂದೂವರೆ ಅಡಿ ಬಿಟ್ಟು ಉಳಿದದ್ದನ್ನೆಲ್ಲ ತೆಗೆಯಬೇಕು, ಮೇಲೆ ಉಳಿದ ಎಲೆಯನ್ನೂ ತರಿಯಬೇಕು. ನವೆಂಬರ್ ಕೊನೆಯ ವಾರ ಒಳ್ಳೆಯ ಸಮಯ. ಅದಾದ ಮೇಲೆ ಬುಡಕ್ಕೆ ಒಲೆಯ ಬೂದಿ ಅಥವಾ ಸುಡುಮಣ್ಣು ಎರಡು ಹಿಡಿ ಹಾಕಿ.

ನಿಮ್ಮ ಅತ್ತೆಯವರನ್ನು ಒಮ್ಮೆ ಕೇಳಿ ನೋಡಿ, ಅವರ ತವರಿನಲ್ಲಿ ಮಳೆ ಮುಗಿದ ಮೇಲೆ ಹೀಗೆ ಕತ್ತರಿಸಿ ಗಿಡ ಸವರುತ್ತಿದ್ದರೋ ಇಲ್ಲವೋ ಎಂದು.

ನಿವೃತ್ತ ತೋಟಗಾರ | ನವೆಂಬರ್ 10

ಕಾಪುವಿನವರು ಸವರುವಿಕೆಯ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಬೂದಿಯ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಕರಾವಳಿಯ ಮುರಕಲ್ಲು ಮಣ್ಣು ಹುಳಿ. ಆ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದು ಹೋಗಿರುತ್ತದೆ, ಅಲ್ಲಿ ಬೂದಿ ಔಷಧಿಯಂತೆ ಕೆಲಸ ಮಾಡುತ್ತದೆ. ಬೆಂಗಳೂರಿನ ತಾರಸಿಯಲ್ಲಿ ಏಳು ವರ್ಷ ಗಡಸು ಬೋರ್‌ವೆಲ್ ನೀರು ಕುಡಿದ ಕುಂಡದ ಮಣ್ಣು ಆಗಲೇ ಕ್ಷಾರವಾಗಿರುತ್ತದೆ. ಅದಕ್ಕೆ ಬೂದಿ ಹಾಕಿದರೆ ಗಾಯಕ್ಕೆ ಉಪ್ಪು ಸವರಿದಂತೆ. ಮೊಟ್ಟೆ ಸಿಪ್ಪೆಯೂ ಅಷ್ಟೇ. ಸುಣ್ಣ ಹೆಚ್ಚಾಗಿರುವ ಕಡೆ ಮತ್ತೆ ಸುಣ್ಣ ಯಾಕೆ?

ತಾರಸಿ ತೋಟದವರೇ, ಎರಡು ವಿಷಯ ನೋಡಿ ಹೇಳಿ. ಕುಂಡದ ಹೊರಮೈಯಲ್ಲಿ, ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯೇ? ಎಳೆಯ ಎಲೆಗಳಲ್ಲಿ ನರ ಹಸಿರಾಗಿ, ನರದ ನಡುವಿನ ಭಾಗ ಹಳದಿಯಾಗಿದೆಯೇ?

ಇನ್ನು ಹಿಂಡಿ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಶೇಕಡಾ 7ರಷ್ಟಿದೆ. ರಂಜಕ, ಪೊಟ್ಯಾಷ್ ಎರಡೂ ಒಂದೂವರೆಯ ಆಸುಪಾಸು. ಸಾರಜನಕ ಎಲೆ ಬೆಳೆಸುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೊಲದ ಮಲ್ಲಿಗೆಗೆ ಹೇಳುವ ಲೆಕ್ಕ ಗಿಡವೊಂದಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್. ಅದನ್ನೂ ಎರಡು ಕಂತಿನಲ್ಲಿ, ಸವರಿದ ಮೇಲೆ ಒಮ್ಮೆ, ಜೂನ್-ಜುಲೈನಲ್ಲಿ ಒಮ್ಮೆ. ಕುಂಡಕ್ಕೆ ಅಷ್ಟು ಬೇಡ, ಆದರೆ ಪ್ರಮಾಣ ಗಮನಿಸಿ: ಉಳಿದೆರಡರ ಅರ್ಧದಷ್ಟು ಮಾತ್ರ ಸಾರಜನಕ. ನೀವು ಹದಿನೈದು ದಿನಕ್ಕೊಮ್ಮೆ ಅದನ್ನೇ ಮುಂದೆ ಮಾಡಿ ಕೊಡುತ್ತಿದ್ದೀರಿ. ಎಲೆ ಸೊಂಪಾಗಿ ಬಾರದೆ ಇನ್ನೇನಾದೀತು?

ಹಸಿರು ಕುಂಡ, ಹುಬ್ಬಳ್ಳಿ | ನವೆಂಬರ್ 10

ಸರ್, ನಮ್ಮ ಅಜ್ಜಿಯ ಕಾಲದಿಂದ ಮಜ್ಜಿಗೆ ಹಾಕುತ್ತಿದ್ದೇವೆ, ಗಿಡ ಚೆನ್ನಾಗಿಯೇ ಇದೆ. ಎಲ್ಲದಕ್ಕೂ ಗ್ರಾಂ ಲೆಕ್ಕ ಬೇಕೇ?

ನಿವೃತ್ತ ತೋಟಗಾರ | ನವೆಂಬರ್ 10

ಮಜ್ಜಿಗೆಗೆ ನನ್ನ ವಿರೋಧವಿಲ್ಲ. ನಿಮ್ಮ ಅಜ್ಜಿಯ ಗಿಡ ಅಂಗಳದ ನೆಲದಲ್ಲಿ, ದಿನವಿಡೀ ಬಿಸಿಲಿನಲ್ಲಿ ಇತ್ತು. ಬೇರು ಬೇಕಾದಲ್ಲಿಗೆ ಹೋಗುತ್ತಿತ್ತು. ಮಜ್ಜಿಗೆ ಹಾಕದಿದ್ದರೂ ಅದು ಹೂ ಬಿಡುತ್ತಿತ್ತು. ಕುಂಡದ ಗಿಡಕ್ಕೆ ನಾವು ಕೊಟ್ಟದ್ದೇ ಗತಿ, ಆದ್ದರಿಂದ ಲೆಕ್ಕ ಬೇಕು.

ಕಾಪು ಕೃಷಿಕ | ನವೆಂಬರ್ 10

ಬೂದಿಯ ಮಾತು ಒಪ್ಪಿದೆ. ಗಡಸು ನೀರಿನ ಕಷ್ಟ ನಮ್ಮ ಕಡೆ ಇಲ್ಲ, ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆದರೆ ಹಿಂಡಿಯನ್ನು ಪೂರ್ತಿ ದೂರುವುದು ಸರಿಯಲ್ಲ. ಶಂಕರಪುರದ ಸುತ್ತ ನಾವು ನೆಲಗಡಲೆ ಹಿಂಡಿ ಹಾಕಿಯೇ ಹೂ ತೆಗೆಯುವುದು. ಸವರಿದ ಮೇಲೆ ಹಾಕಿದರೆ ಚಿಗುರು ಬರುತ್ತದೆ, ಚಿಗುರು ಬಂದರೆ ಹೂ ಬರುತ್ತದೆ. ಸವರದೆ ಹಾಕಿದರೆ ಎಲೆ. ತಪ್ಪು ಹಿಂಡಿಯದಲ್ಲ.

ತಾರಸಿ ತೋಟ, ಬೆಂಗಳೂರು | ನವೆಂಬರ್ 12

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಧನ್ಯವಾದ. ಒಂದೊಂದಾಗಿ ಉತ್ತರಿಸುತ್ತೇನೆ.

ಬಿಸಿಲು: ತಾರಸಿಯಾದ್ದರಿಂದ ದಿನವಿಡೀ ಬಿಸಿಲಿದೆ ಎಂದೇ ಇಷ್ಟು ದಿನ ನಂಬಿದ್ದೆ. ನಿನ್ನೆ ರಜೆ ಇತ್ತು. ಗಂಟೆಗೊಮ್ಮೆ ಮೇಲೆ ಹೋಗಿ, ನೆರಳಿನ ಅಂಚು ನೆಲದಲ್ಲಿ ಎಲ್ಲಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಎಂಟು ಗಂಟೆಯ ಗೆರೆ ನೀರಿನ ಟ್ಯಾಂಕಿನ ನೆರಳಿನದು, ಒಂಬತ್ತರ ಹೊತ್ತಿಗೆ ಅದು ಕುಂಡದಿಂದ ಸರಿದಿತ್ತು. ಹನ್ನೆರಡೂವರೆಗೆ ಪಶ್ಚಿಮದ ಪಕ್ಕದ ಮನೆಯ ನೆರಳು ಕುಂಡವನ್ನು ಮುಟ್ಟಿತು. ಒಂದು ಗಂಟೆಗೆ ಗಿಡ ಪೂರ್ತಿ ನೆರಳಿನಲ್ಲಿತ್ತು. ಆ ಮನೆ ಮೊದಲು ಎರಡು ಮಹಡಿಯಿತ್ತು. ಮೂರು ವರ್ಷದ ಹಿಂದೆ ಮೇಲೆ ಇನ್ನೆರಡು ಕಟ್ಟಿದರು. ಹೂ ಕಡಿಮೆಯಾದದ್ದು ಯಾವಾಗ ಎಂದು ಲೆಕ್ಕ ಹಾಕಿದಾಗ ಮೈ ಜುಮ್ಮೆಂದಿತು.

ಬಿಳಿ ಪೊರೆ: ಇದೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಎಳೆ ಎಲೆಗಳೂ ನೀವು ಹೇಳಿದ ಹಾಗೆಯೇ ಇವೆ. ಅದು ಆ ತಳಿಯ ಬಣ್ಣ ಎಂದುಕೊಂಡಿದ್ದೆ.

ಸವರುವುದು: ಅತ್ತೆಯವರನ್ನು ಕೇಳಿದೆ. ಅವರ ಅಮ್ಮ ಪ್ರತಿ ವರ್ಷ ಕತ್ತಿ ಹಿಡಿದು ಸವರುತ್ತಿದ್ದರಂತೆ. "ಮತ್ತೆ ಯಾಕೆ ಬೇಡವೆಂದಿರಿ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಹದಿನೈದು ಗಿಡ ಇತ್ತು, ಇಲ್ಲಿ ಇದೊಂದೇ ಇರುವುದು" ಎಂದರು. ಆ ಅಂಗಳ ಈಗ ಇಲ್ಲ, ರಸ್ತೆ ಅಗಲ ಮಾಡಿದಾಗ ಹೋಯಿತು. ಕತ್ತರಿಸಿದಾಗ ಗಿಡ ಸತ್ತರೆ ಎಂಬ ಭಯ ಅವರದು. ಇದನ್ನು ನಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ.

ಮೈಸೂರು ಹೂದೋಟ | ನವೆಂಬರ್ 12

ಮೂರೂವರೆ ಗಂಟೆ ಬಿಸಿಲು! ಮಲ್ಲಿಗೆಗೆ ಕನಿಷ್ಠ ಆರು ಗಂಟೆ ಬೇಕು. ಕುಂಡವನ್ನು ಇಂದೇ ಜರುಗಿಸಿ. ಉಳಿದ ಯಾವ ಉಪಚಾರವೂ ಇದಕ್ಕೆ ಬದಲಿಯಲ್ಲ.

ಮಲೆನಾಡ ಮನೆ, ತೀರ್ಥಹಳ್ಳಿ | ನವೆಂಬರ್ 12

ನಿಮ್ಮ ಅತ್ತೆಯವರ ಮಾತು ಓದಿ ಕಣ್ಣು ತುಂಬಿತು. ಅವರ ಭಯಕ್ಕೆ ಒಂದು ದಾರಿಯಿದೆ. ಸವರಿದ ಕಡ್ಡಿಗಳನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕಡ್ಡಿಗಳನ್ನು ಆರಿಸಿ. ಗೇಣುದ್ದ, ಮೂರು ಗೆಣ್ಣು ಇರಲಿ. ಕೆಳಗಿನ ಗೆಣ್ಣಿನ ಬುಡದಲ್ಲಿ ಓರೆಯಾಗಿ ಕತ್ತರಿಸಿ, ಎರಡು ಗೆಣ್ಣು ಮರಳಿನೊಳಗೆ ಹೋಗುವಂತೆ ನೆಟ್ಟು ನೆರಳಿನಲ್ಲಿಡಿ. ಮಳೆಗಾಲದಲ್ಲಿ ನೆಟ್ಟಷ್ಟು ಚೆನ್ನಾಗಿ ಈಗ ಬೇರು ಬರುವುದಿಲ್ಲ, ಆದರೆ ಹನ್ನೆರಡು ನೆಟ್ಟರೆ ನಾಲ್ಕಾದರೂ ಉಳಿಯುತ್ತವೆ. ಮರಿಗಳು ಇರುತ್ತವೆ ಎಂದಾದರೆ ತಾಯಿಗಿಡಕ್ಕೆ ಕತ್ತರಿ ಹಾಕಲು ಅವರೇ ಒಪ್ಪುತ್ತಾರೆ.

ದ್ರಾಕ್ಷಿ ತೋಟ, ವಿಜಯಪುರ | ನವೆಂಬರ್ 13

ನಮ್ಮ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟನಿ (ಸವರುವುದಕ್ಕೆ ನಮ್ಮ ಕಡೆಯ ಮಾತು) ಮಾಡುತ್ತೇವೆ, ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಒಮ್ಮೆ. ಚಾಟನಿ ಆದ ದಿನ ತೋಟ ನೋಡಿದ ಹೊಸಬರು "ಎಲ್ಲ ಹಾಳು ಮಾಡಿದಿರಲ್ಲ" ಎನ್ನುತ್ತಾರೆ. ಮುಂದೆ ಗೊನೆ ಬರುವುದು ಅದರಿಂದಲೇ. ಗಿಡದ ಜೀವ ಬುಡದಲ್ಲಿರುತ್ತದೆ. ಧೈರ್ಯವಾಗಿ ಸವರಿ.

ಇನ್ನೊಂದು ಮಾತು. ಸವರುವ ಮುಂಚೆ ಒಂದು ವಾರ, ಹತ್ತು ದಿನ ನೀರು ಬಿಗಿ ಹಿಡಿಯಿರಿ. ದಿನಕ್ಕೆ ಎರಡು ಹೊತ್ತು ನೀರು ಎಂದು ಓದಿ ನನಗೆ ಕಸಿವಿಸಿಯಾಯಿತು. ಚಳಿಗಾಲದಲ್ಲಿ ಅಷ್ಟು ನೀರು ಯಾವ ಗಿಡಕ್ಕೂ ಬೇಡ.

ಸೇವಂತಿಗೆ, ಚಿಕ್ಕಬಳ್ಳಾಪುರ | ನವೆಂಬರ್ 13

ಗಿಡದ ಹತ್ತಿರ ಬೀದಿದೀಪ ಇದೆಯೇ? ರಾತ್ರಿ ಬೆಳಕು ಬಿದ್ದರೂ ಹೂ ಬರುವುದಿಲ್ಲ.

ನಿವೃತ್ತ ತೋಟಗಾರ | ನವೆಂಬರ್ 13

ಅದು ನಿಮ್ಮ ಸೇವಂತಿಗೆಯ ಸ್ವಭಾವ. ಅದಕ್ಕೆ ದೀರ್ಘ ರಾತ್ರಿ ಬೇಕು, ಕತ್ತಲೆ ನಡುವೆ ಕಡಿದರೆ ಮೊಗ್ಗು ಕಟ್ಟುವುದಿಲ್ಲ. ಕೆಂಪು ಎಲೆಯ ಪಾಯಿನ್‌ಸೆಟ್ಟಿಯಾ ಕೂಡ ಹಾಗೆಯೇ. ದಿನ ಉದ್ದವಾಗುವ ಬೇಸಿಗೆಯಲ್ಲಿ ಹೂ ಬಿಡುವ ಮಲ್ಲಿಗೆಗೆ ಬೀದಿದೀಪದ ಮೇಲೆ ಗುಮಾನಿ ಬೇಡ.

ಸೇವಂತಿಗೆ, ಚಿಕ್ಕಬಳ್ಳಾಪುರ | ನವೆಂಬರ್ 13

ಸರಿ ಸರ್, ತಿಳಿಯಿತು. ಹೂವನ್ನು ಹಬ್ಬದ ಹೊತ್ತಿಗೆ ತಡ ಮಾಡಿ ತರಲು ರಾತ್ರಿ ಹೊಲದಲ್ಲಿ ಬಲ್ಬು ಉರಿಸುವ ಪದ್ಧತಿ ನಮ್ಮ ಬೆಳೆಯಲ್ಲಿ ಇದೆ, ಆದ್ದರಿಂದ ಕೇಳಿದೆ.

ಬಾಲ್ಕನಿ ಗಿಡಗಳು | ನವೆಂಬರ್ 13

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಡಸು ನೀರನ್ನು ಮೃದು ಮಾಡುವ ಯಂತ್ರ ಹಾಕಿದ್ದಾರೆ. ಹಾಗಾದರೆ ನಮಗೆ ಆ ತೊಂದರೆಯಿಲ್ಲ, ಅಲ್ಲವೇ?

ನಿವೃತ್ತ ತೋಟಗಾರ | ನವೆಂಬರ್ 13

ತೊಂದರೆ ಇನ್ನೂ ಹೆಚ್ಚು. ಆ ಯಂತ್ರಕ್ಕೆ ಆಗಾಗ ಉಪ್ಪಿನ ಮೂಟೆ ಸುರಿಯುವುದನ್ನು ನೋಡಿರಬಹುದು. ಅದು ನೀರಿನಲ್ಲಿರುವ ಸುಣ್ಣ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಬಟ್ಟೆ ಒಗೆಯಲು ಒಳ್ಳೆಯದು, ಗಿಡಕ್ಕೆ ಕೆಟ್ಟದ್ದು. ಮೃದು ಮಾಡುವ ಮುಂಚಿನ ನೀರಿನ ನಲ್ಲಿ ಎಲ್ಲಿದೆ ಎಂದು ಕೇಳಿ, ಅಲ್ಲಿಂದ ಹಿಡಿಯಿರಿ. ಮಳೆನೀರು ಹಿಡಿದಿಟ್ಟುಕೊಳ್ಳಲು ಆದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ತಾರಸಿ ತೋಟದವರಿಗೆ: ಎಲೆಯ ಹಳದಿಗೆ ಕಾರಣ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರದಲ್ಲಿ ಬೇರಿಗೆ ಸಿಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಅನ್ನಭೇದಿ ಎಂದು ಕೇಳಿ, ಹಸಿರು ಹರಳು ಕೊಡುತ್ತಾರೆ. ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದರೂ ಅದೇ. ಒಂದು ಲೀಟರ್ ನೀರಿಗೆ 5 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ತಿಂಗಳಿಗೊಮ್ಮೆ. ಈಗ ಬೇಡ, ಸವರಿ ಹೊಸ ಚಿಗುರು ಬಂದ ಮೇಲೆ. ನೆಲದ ಹೆಂಚಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕೆಳಗೆ ಹಳೆಯ ಚೀಲ ಹಾಸಿಕೊಳ್ಳಿ.

ನ್ಯೂಜೆರ್ಸಿ ಕನ್ನಡತಿ | ನವೆಂಬರ್ 14

ಇಲ್ಲಿ ನಮ್ಮ ಮನೆಯಲ್ಲಿಯೂ ಒಂದು ಮಲ್ಲಿಗೆ ಇದೆ. ಹಿಮ ಬೀಳುವ ಮುಂಚೆ, ಅಕ್ಟೋಬರಿನಲ್ಲೇ ಒಳಗೆ ತಂದು ದಕ್ಷಿಣದ ಕಿಟಕಿಯ ಬಳಿ ಇಡುತ್ತೇನೆ. ಮೇ ತಿಂಗಳಲ್ಲಿ ಹೊರಗೆ. ಆರು ತಿಂಗಳು ಅದು ಸುಮ್ಮನೆ ಜೀವ ಹಿಡಿದುಕೊಂಡಿರುತ್ತದೆ. ಜುಲೈನಲ್ಲಿ ಮೊದಲ ಹೂ ಅರಳಿದ ದಿನ ಅಮ್ಮನಿಗೆ ಫೋನ್ ಮಾಡುತ್ತೇನೆ. ನಾನೂ ಮೊದಲು ಸವರುತ್ತಿರಲಿಲ್ಲ. ಒಳಗೆ ಜಾಗ ಸಾಲದೆ ಒಂದು ವರ್ಷ ಅರ್ಧಕ್ಕೆ ಕತ್ತರಿಸಿದೆ, ಅದರ ಮುಂದಿನ ಬೇಸಿಗೆಯಲ್ಲಿ ಎಂದೂ ಕಾಣದಷ್ಟು ಹೂ. ಆಗ ಅದು ಯಾಕೆ ಎಂದು ಗೊತ್ತಾಗಿರಲಿಲ್ಲ, ಈಗ ತಿಳಿಯಿತು.

ಹಸಿರು ಕುಂಡ, ಹುಬ್ಬಳ್ಳಿ | ನವೆಂಬರ್ 14

ಇದೇ ಚರ್ಚೆಯಲ್ಲಿ ಕೇಳುತ್ತೇನೆ, ಕ್ಷಮಿಸಿ. ನಮ್ಮ ದಾಸವಾಳದಲ್ಲಿ ಮೊಗ್ಗು ಬರುತ್ತದೆ, ಅರಳದೆ ಉದುರುತ್ತದೆ. ಕಡ್ಡಿಯ ಸಂದಿಯಲ್ಲಿ ಹತ್ತಿಯಂಥದ್ದು ಅಂಟಿಕೊಂಡಿದೆ.

ಮೈಸೂರು ಹೂದೋಟ | ನವೆಂಬರ್ 14

ಹಿಟ್ಟು ತಿಗಣೆ. ಮೊದಲು ನೀರಿನ ಪೈಪಿನಿಂದ ರಭಸವಾಗಿ ಹೊಡೆದು ಬೀಳಿಸಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸಾಬೂನು. ವಾರಕ್ಕೊಮ್ಮೆ, ಮೂರು ಸಲ. ಇರುವೆ ಹತ್ತುವುದನ್ನೂ ತಡೆಯಿರಿ, ತಿಗಣೆಯನ್ನು ಕಾಯುವುದು ಅವೇ.

ಮಲೆನಾಡ ಮನೆ, ತೀರ್ಥಹಳ್ಳಿ | ನವೆಂಬರ್ 15

ಒಂದು ಎಚ್ಚರಿಕೆ. ಸವರುವುದು, ಕುಂಡ ಬದಲಿಸುವುದು ಎರಡನ್ನೂ ಒಟ್ಟಿಗೆ ಮಾಡಬೇಡಿ. ಗಿಡಕ್ಕೆ ಎರಡು ಪೆಟ್ಟು ಒಮ್ಮೆಗೇ ಬೀಳುತ್ತದೆ.

ನಿವೃತ್ತ ತೋಟಗಾರ | ನವೆಂಬರ್ 15

ನಾನು ಇದನ್ನು ಒಪ್ಪುವುದಿಲ್ಲ. ಮೇಲಿನ ಭಾಗ ತೆಗೆದಾಗ ಎಲೆಯಿಂದ ಆವಿಯಾಗುವ ನೀರು ತಗ್ಗುತ್ತದೆ. ಬೇರಿನ ಮೇಲೆ ಹೊರೆ ಕಡಿಮೆ ಇರುವ ಸಮಯವೇ ಅದು. ಬೇರನ್ನು ಮುಟ್ಟಲು ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಮೂವತ್ತು ವರ್ಷ ನರ್ಸರಿಯಲ್ಲಿ ಹಾಗೆಯೇ ಮಾಡಿದ್ದೇನೆ.

ಮಲೆನಾಡ ಮನೆ, ತೀರ್ಥಹಳ್ಳಿ | ನವೆಂಬರ್ 15

ನರ್ಸರಿಯಲ್ಲಿ ನೂರು ಗಿಡದಲ್ಲಿ ಐದು ಹೋದರೆ ನಡೆಯುತ್ತದೆ ಸರ್. ಈ ಮನೆಯಲ್ಲಿ ಇರುವುದು ಒಂದೇ. ಕಡ್ಡಿಗಳು ಚಿಗುರುವವರೆಗಾದರೂ ಕಾಯಲಿ.

ಕಾಪು ಕೃಷಿಕ | ನವೆಂಬರ್ 15

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಕುಂಡದಿಂದ ಎಬ್ಬಿಸಿ ಬೇರು ನೋಡಿ ತೀರ್ಮಾನಿಸಿ. ಬೇರು ಸಡಿಲವಾಗಿದ್ದರೆ ಹಾಗೆಯೇ ವಾಪಸು ಕೂರಿಸಿ. ಸುತ್ತು ಹಾಕಿಕೊಂಡಿದ್ದರೆ ಕಾಯುವುದರಿಂದ ಲಾಭವಿಲ್ಲ.

ತಾರಸಿ ತೋಟ, ಬೆಂಗಳೂರು | ನವೆಂಬರ್ 30

ಕೆಲಸ ಮುಗಿಯಿತು. ಹೇಗಾಯಿತು ಎಂದು ವಿವರವಾಗಿ ಬರೆಯುತ್ತೇನೆ, ನನ್ನಂಥವರಿಗೆ ಉಪಯೋಗವಾಗಲಿ.

ಹತ್ತು ದಿನ ನೀರು ಕಡಿಮೆ ಮಾಡಿದ್ದೆ. ನಿನ್ನೆ ಬೆಳಿಗ್ಗೆ ಕಡ್ಡಿಗಳನ್ನು ಆರಿಸಿದ್ದು ಅತ್ತೆಯವರೇ. ಒಂದೊಂದನ್ನೂ ಬೆರಳಿನಲ್ಲಿ ಒತ್ತಿ, ಬಾಗಿಸಿ ನೋಡಿ ಹನ್ನೆರಡು ತೆಗೆದರು. ಅವನ್ನು ಮರಳಿನಲ್ಲಿ ನೆಟ್ಟ ಮೇಲೆ ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲ ಕೊಂಬೆಯನ್ನು ತಾವೇ ಕತ್ತರಿಸಿದರು. ಆಮೇಲೆ ನಾನು ಮಾಡಿದೆ.

ಕುಂಡದಿಂದ ಗಿಡ ಬರಲೇ ಇಲ್ಲ. ನನ್ನವರು ಅಂಚಿನ ಸುತ್ತ ಹಳೆಯ ಚಾಕು ಆಡಿಸಿ, ಕುಂಡವನ್ನು ಮಲಗಿಸಿ ತಟ್ಟಿದ ಮೇಲೆ ಬಂತು. ಮಣ್ಣು ಕಾಣಿಸಲಿಲ್ಲ. ತೆಂಗಿನ ನಾರಿನ ಚಾಪೆಯ ಹಾಗೆ ಬೇರೇ ಬೇರು, ಕುಂಡದ ಆಕಾರಕ್ಕೇ ಹೆಣೆದುಕೊಂಡಿತ್ತು. ತಳದಲ್ಲಿ ನಾಲ್ಕು ಸುತ್ತು ಸುತ್ತಿದ ಬೆರಳು ದಪ್ಪದ ಒಂದು ಬೇರು ನೀರು ಇಳಿಯುವ ತೂತಿಗೆ ಬಿರಡೆ ಹಾಕಿದಂತೆ ಕೂತಿತ್ತು. ಅದರ ಹತ್ತಿರ ಮಣ್ಣು ಕಪ್ಪಾಗಿ ಕೊಳೆತ ವಾಸನೆ. ದಿನಕ್ಕೆರಡು ಹೊತ್ತು ನೀರು ಹಾಕಿ ನಾನೇ ಉಸಿರು ಕಟ್ಟಿಸಿದ್ದೆ.

ಕಾಪುವಿನವರು ಹೇಳಿದಂತೆ ಇನ್ನು ಕಾಯಲಿಲ್ಲ. ಹೊರಗಿನ ಬೇರನ್ನು ಮೂರನೇ ಒಂದು ಭಾಗದಷ್ಟು ತೆಗೆದು, 18 ಇಂಚಿನ ಕುಂಡಕ್ಕೆ ಹೊಸ ಕೆಂಪು ಮಣ್ಣು, ಮರಳು, ಹಳೆಯ ಗೊಬ್ಬರ ತುಂಬಿ ನೆಟ್ಟೆವು. ಗೋಣಿಚೀಲದ ಮೇಲೆ ಕೂರಿಸಿ ಇಬ್ಬರೂ ಎಳೆದು ಆಗ್ನೇಯ ಮೂಲೆಗೆ ತಂದೆವು. ಅಲ್ಲಿ ಬೆಳಿಗ್ಗೆ ಏಳರಿಂದ ಎರಡರವರೆಗೆ ಬಿಸಿಲಿದೆ, ಗೆರೆ ಎಳೆದು ನೋಡಿದ್ದೇನೆ. ಈಗ ಕುಂಡದಲ್ಲಿ ಒಂದೂವರೆ ಅಡಿಯ ಐದು ಬೋಳು ಕಡ್ಡಿಗಳು ಮಾತ್ರ ಇವೆ. ನೋಡಿದರೆ ಹೊಟ್ಟೆ ಹಿಂಡುತ್ತದೆ.

ದ್ರಾಕ್ಷಿ ತೋಟ, ವಿಜಯಪುರ | ನವೆಂಬರ್ 30

ಹೊಟ್ಟೆ ಹಿಂಡುವುದು ಬೇಡ. ಹಿಂಡಿಯನ್ನೂ ಈಗ ಹಾಕಬೇಡಿ, ಚಿಗುರು ಬರಲಿ.

ತಾರಸಿ ತೋಟ, ಬೆಂಗಳೂರು | ಜನವರಿ 6

ಚಿಗುರಿದೆ! ಐದರಲ್ಲಿ ನಾಲ್ಕು ಕಡ್ಡಿಗಳಲ್ಲಿ, ಗೆಣ್ಣಿನ ಎರಡೂ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಛಾಯೆಯ ಚಿಗುರು. ಒಂದು ಕಡ್ಡಿ ಒಣಗಿತು. ಕೆರೆದು ನೋಡಿದರೆ ಒಳಗೆ ಕಂದು, ತೆಗೆದುಬಿಟ್ಟೆ. ಮರಳಿನಲ್ಲಿ ನೆಟ್ಟ ಹನ್ನೆರಡರಲ್ಲಿ ಐದು ಹಸಿರಾಗಿವೆ.

ಕಾಪು ಕೃಷಿಕ | ಜನವರಿ 6

ಸಂತೋಷ. ಚಿಗುರು ಬೆರಳುದ್ದವಾದ ಮೇಲೆ ಎರಡು ಚಮಚ ಹಿಂಡಿ, ಎರಡು ಚಮಚ ಎಲುಬಿನ ಹುಡಿ ಮಣ್ಣಿಗೆ ಬೆರೆಸಿ. ತೀರಾ ಉದ್ದ ಓಡುವ ಚಿಗುರಿನ ತುದಿ ಚಿವುಟಿ, ಕವಲು ಹೆಚ್ಚುತ್ತದೆ. ಕವಲು ಎಷ್ಟೋ ಹೂ ಅಷ್ಟು.

ತಾರಸಿ ತೋಟ, ಬೆಂಗಳೂರು | ಮಾರ್ಚ್ 17

ಮೊಗ್ಗು ಬಂದಿವೆ, ಒಟ್ಟು 31. ಆದರೆ ನಿನ್ನೆಯಿಂದ ಹೊಸ ಆತಂಕ. ಆರೇಳು ಮೊಗ್ಗುಗಳು ಬಿಳಿಯಾಗುವ ಬದಲು ನೇರಳೆ ಬಣ್ಣಕ್ಕೆ ತಿರುಗಿವೆ. ಎರಡರಲ್ಲಿ ಸೂಜಿಯಿಂದ ಚುಚ್ಚಿದಂಥ ತೂತಿದೆ. ಒಂದನ್ನು ಬಿಡಿಸಿದಾಗ ಒಳಗೆ ಕಪ್ಪು ತಲೆಯ ಸಣ್ಣ ಹಸಿರು ಹುಳು.

ನಿವೃತ್ತ ತೋಟಗಾರ | ಮಾರ್ಚ್ 17

ಮೊಗ್ಗು ಕೊರೆಯುವ ಹುಳು. ತೂತಿಲ್ಲದೆ ಬುಡ ಮಾತ್ರ ಊದಿ ನೇರಳೆಯಾಗಿರುವವು ನೊಣದ ಜಾತಿಯ ಇನ್ನೊಂದು ಕೀಟದ ಕೆಲಸ, ಅದರ ಮರಿ ಮೊಗ್ಗಿನ ಬುಡದೊಳಗೆ ಇರುತ್ತದೆ. ಎರಡಕ್ಕೂ ಮೊದಲ ಉಪಾಯ ಒಂದೇ: ಬಣ್ಣ ಕೆಟ್ಟ ಮೊಗ್ಗನ್ನು ಇಂದೇ ಕಿತ್ತು ಸುಡಿ ಅಥವಾ ಸಾಬೂನು ನೀರಿನಲ್ಲಿ ಮುಳುಗಿಸಿ. ಕೆಳಗೆ ಉದುರಿದ್ದನ್ನೂ ಆರಿಸಿ, ಕುಂಡದ ಮೇಲ್ಮಣ್ಣು ಕೆದಕಿ ಬಿಸಿಲಿಗೆ ಒಡ್ಡಿ. ಸಂಜೆ ಬೇವಿನ ಎಣ್ಣೆ, ದಾಸವಾಳಕ್ಕೆ ಮೇಲೆ ಹೇಳಿದ ಅಳತೆಯಲ್ಲೇ. ಮುಡಿಯುವ ಹೂವಾದ್ದರಿಂದ ಅದಕ್ಕಿಂತ ಗಟ್ಟಿ ಔಷಧಿಗೆ ಹೋಗಬೇಡಿ.

ಹಸಿರು ಕುಂಡ, ಹುಬ್ಬಳ್ಳಿ | ಮಾರ್ಚ್ 18

ಬೇವಿನ ಎಣ್ಣೆಯಿಂದ ನಮ್ಮ ದಾಸವಾಳ ಸರಿಯಾಯಿತು ಅಕ್ಕ, ನಂಬಿ ಹಾಕಿ.

ತಾರಸಿ ತೋಟ, ಬೆಂಗಳೂರು | ಮಾರ್ಚ್ 29

ಒಂಬತ್ತು ಮೊಗ್ಗು ಕಿತ್ತೆ, 22 ಉಳಿದವು. ನಿನ್ನೆ ಸಂಜೆ ಮೂರರ ಗೊಂಚಲುಗಳಲ್ಲಿ ನಡುವಿನವು ಬಿಳುಪಾಗಿದ್ದವು. ಇವತ್ತು ಬೆಳಗಿನ ಜಾವ ಐದಕ್ಕೇ ಮೇಲಿನಿಂದ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ಮೊಬೈಲಿನ ಬೆಳಕಿನಲ್ಲಿ ಮೊಗ್ಗು ಬಿಡಿಸುತ್ತಿದ್ದರು. ಎಂಟು ಸಿಕ್ಕವು. ಪಕ್ಕದ ಮನೆಯ ಬಾಳೆಗಿಡದಿಂದ ನಾರು ಸೀಳಿ ತಂದು, ನೀರಿನಲ್ಲಿ ನೆನೆಸಿ, ಎಂಟನ್ನೂ ಕಟ್ಟಿ ಅವರ ಅಮ್ಮನ ಫೋಟೋಗೆ ಇಟ್ಟರು.

ಕಾಪುವಿನವರೇ, ಮೊಗ್ಗು ಸಪೂರವಾಗಿಯೇ ಇದೆ. ನೀವು ಹೇಳಿದ್ದು ನಿಜ, ಇದು ದುಂಡು ಮಲ್ಲಿಗೆಯಲ್ಲ.

ಕಾಪು ಕೃಷಿಕ | ಮಾರ್ಚ್ 29

ಅವರಿಗೆ ನನ್ನ ನಮಸ್ಕಾರ ತಿಳಿಸಿ. ಈ ಸುತ್ತಿನ ಹೂ ಮುಗಿದ ಕೂಡಲೇ ಹೂ ಬಿಟ್ಟ ತುದಿಗಳನ್ನು ಎರಡು ಗೆಣ್ಣಿನಷ್ಟು ಚಿವುಟಿ. ಮುಂದಿನ ಸುತ್ತು ಇದಕ್ಕಿಂತ ಜಾಸ್ತಿ ಬರುತ್ತದೆ.

ಬಾಲ್ಕನಿ ಗಿಡಗಳು | ಮಾರ್ಚ್ 30

ಓದಿ ಬಹಳ ಖುಷಿಯಾಯಿತು. ನಾನೂ ಸೀಮೆಸುಣ್ಣದ ಗೆರೆ ಎಳೆದು ನೋಡಿದೆ. ನಮ್ಮ ಬಾಲ್ಕನಿಗೆ ಬೆಳಿಗ್ಗೆ ಎರಡು ಗಂಟೆ ಬಿಸಿಲು, ಅಷ್ಟೇ. ಜರುಗಿಸಲು ಬೇರೆ ಜಾಗವಿಲ್ಲ. ಎಷ್ಟು ಸವರಿದರೂ ಪ್ರಯೋಜನವಿಲ್ಲ, ಅಲ್ಲವೇ?

ನಿವೃತ್ತ ತೋಟಗಾರ | ಮಾರ್ಚ್ 30

ಇಲ್ಲ. ಆ ಗಿಡವನ್ನು ಅಂಗಳವಿರುವ ಯಾರಿಗಾದರೂ ಕೊಟ್ಟುಬಿಡಿ, ಅಲ್ಲಿ ಹೂ ಬಿಡುತ್ತದೆ. ನಿಮ್ಮ ಬಾಲ್ಕನಿಗೆ ಕನಕಾಂಬರ ತನ್ನಿ. ಅರೆನೆರಳಿನಲ್ಲಿಯೂ ಹೂ ಕೊಡುತ್ತದೆ.

ಕಾಪು ಕೃಷಿಕ | ಮಾರ್ಚ್ 30

ನಮ್ಮ ಕಡೆ ಅದಕ್ಕೆ ಅಬ್ಬಲಿಗೆ ಎನ್ನುತ್ತೇವೆ. ಒಣಗಿದ ತೆನೆಗೆ ನೀರು ತಾಗಿದರೆ ಪಟ್ಟೆಂದು ಸಿಡಿದು ಬೀಜ ದೂರ ಹಾರುತ್ತದೆ. ತೆನೆ ಒಣಗುವ ಮುಂಚೆ ಬಟ್ಟೆ ಕಟ್ಟಿಟ್ಟರೆ ಬೀಜ ಸಿಗುತ್ತದೆ, ಮುಂದಿನ ವರ್ಷ ಕೊಳ್ಳಬೇಕಾಗಿಲ್ಲ.